ಮನೆಯಲ್ಲಿ ಫಿಲಿಪಿನೋ ಚಿಕನ್ ಅಡೋಬೋ: ಯಾವ ವಿನೆಗರ್, ಎಷ್ಟು ಸೋಯಾ, ಮುಚ್ಚಳ ಯಾವಾಗ?

ಕುವೈತ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ನಮ್ಮ ವಾರ್ಡಿನಲ್ಲಿ ಅರ್ಧಕ್ಕರ್ಧ ನರ್ಸ್‌ಗಳು ಫಿಲಿಪೀನ್ಸ್‌ನವರು. ಅವರ ಡಬ್ಬಿಯಿಂದ ತಿಂದು ತಿಂದು ನನಗೆ ಚಿಕನ್ ಅಡೋಬೋ ರುಚಿ ಹತ್ತಿಬಿಟ್ಟಿದೆ. ಮನೆಯಲ್ಲಿ ಮಾಡೋಣ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ರಾಗ. ಒಬ್ಬಳು ಸೋಯಾ ಸಾಸ್ ಇಲ್ಲದಿದ್ದರೆ ಅದು ಅಡೋಬೋನೇ ಅಲ್ಲ ಅನ್ನುತ್ತಾಳೆ. ಇನ್ನೊಬ್ಬಳು ನಮ್ಮಜ್ಜಿ ಸೋಯಾ ಮುಟ್ಟುತ್ತಲೇ ಇರಲಿಲ್ಲ, ಬರೀ ಉಪ್ಪು ಅನ್ನುತ್ತಾಳೆ. ಬಿಕೋಲ್ ಕಡೆಯವಳು ತೆಂಗಿನ ಹಾಲು ಹಾಕು ಅಂದಳು. ಸಕ್ಕರೆ ಹಾಕಬೇಕೋ ಬೇಡವೋ ಅನ್ನುವುದಕ್ಕೆ ಡ್ಯೂಟಿ ರೂಮಿನಲ್ಲಿ ಸಣ್ಣ ಜಗಳವೇ ಆಯಿತು.

ನನ್ನ ಹತ್ತಿರ ಇರುವುದು ಬಿಳಿ ವಿನೆಗರ್, ನೂಡಲ್ಸ್‌ಗೆ ತಂದ ಡಾರ್ಕ್ ಸೋಯಾ ಸಾಸ್, ಊರಿಂದ ತಂದ ಪಲಾವ್ ಎಲೆ. ಇದರಲ್ಲೇ ಆಗುತ್ತದಾ? ನಮ್ಮ ಯಜಮಾನರು ಹುಳಿ ಸ್ವಲ್ಪ ಜಾಸ್ತಿ ಆದರೂ ತಟ್ಟೆ ಪಕ್ಕಕ್ಕೆ ತಳ್ಳುವ ಪೈಕಿ, ಅದನ್ನೂ ನೋಡಿಕೊಂಡು ಹೇಳಿ.

ಲಗುನಾ ನಿವಾಸಿ

ಅಕ್ಕಾ, ನಿಮ್ಮ ಗೆಳತಿಯರು ಹೇಳಿದ್ದು ಅಷ್ಟೂ ಸರಿ. ನಾನು ಫಿಲಿಪೀನ್ಸ್‌ನ ಲಗುನಾ ಪ್ರಾಂತ್ಯದ ಲೋಸ್ ಬಾನ್ಯೋಸ್‌ನಲ್ಲಿ ಇದ್ದೇನೆ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇರುವ ಊರು, ಹಾಗಾಗಿ ಭಾರತದವರು ಇಲ್ಲಿ ಮೊದಲಿಂದಲೂ ಇದ್ದಾರೆ. ಇಲ್ಲಿ ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದೇ ಥರದ ಅಡೋಬೋ ಸಿಗುವುದು ಕಷ್ಟ. ಆದರೆ ವಿನೆಗರ್ ಮಾತ್ರ ಎಲ್ಲಾ ಮನೆಯಲ್ಲೂ ಇರುತ್ತದೆ. ಸೋಯಾ ಬಿಟ್ಟರೂ ನಡೆಯುತ್ತದೆ, ಸಕ್ಕರೆ ಬಿಟ್ಟರೂ ನಡೆಯುತ್ತದೆ, ವಿನೆಗರ್ ಬಿಟ್ಟರೆ ಅದು ಬೇರೆ ಅಡುಗೆ. ನಮ್ಮವರು ಇದನ್ನು ಸೋಯಾ ಚಿಕನ್ ಅಂದುಕೊಂಡು ಬಾಟಲಿ ಬಗ್ಗಿಸುತ್ತಾರೆ, ಆಮೇಲೆ ಉಪ್ಪುಪ್ಪು ಕಪ್ಪು ಸಾರು ಆಯಿತು ಅಂತ ಬೈದುಕೊಳ್ಳುತ್ತಾರೆ.

ಮೊದಲು ಸಾಮಾನಿನ ವಿಷಯ. ಕುವೈತ್‌ನಲ್ಲಿ ಫಿಲಿಪಿನೋ ಅಂಗಡಿಗಳಿಗೆ ಬರವೇ ಇಲ್ಲ. ಅಲ್ಲಿ ದಾತು ಪುತಿ ಅನ್ನುವ ಕಬ್ಬಿನ ವಿನೆಗರ್, ಸಿಲ್ವರ್ ಸ್ವಾನ್ ಸೋಯಾ ಸಾಸ್ ಕೇಳಿ ತಗೊಳ್ಳಿ. ಇಲ್ಲಿನ ಸಾಮಾನ್ಯ ಮನೆಗಳಲ್ಲಿ ಇರುವುದೂ ಅವೇ. ನಿಮ್ಮ ಡಾರ್ಕ್ ಸೋಯಾದಲ್ಲಿ ಬಣ್ಣ ಜಾಸ್ತಿ, ಅಳತೆಗೆ ಸರಿಯಾಗಿ ಅದನ್ನೇ ಹಾಕಿದರೆ ಕೆಡುತ್ತದೆ. ಅದೇ ಬೇಕಂದರೆ ಒಂದು ದೊಡ್ಡ ಚಮಚ ಬಣ್ಣಕ್ಕೆ ಹಾಕಿ, ಉಳಿದದ್ದಕ್ಕೆ ಉಪ್ಪು ಹಾಕಿ.

ಪಲಾವ್ ಎಲೆ ಬೇಡ. ಅದು ದಾಲ್ಚಿನ್ನಿ ಜಾತಿಯ ಮರದ್ದು, ಉದ್ದಕ್ಕೆ ಮೂರು ನರ ಇರುತ್ತವೆ, ಮುರಿದರೆ ಚಕ್ಕೆ ವಾಸನೆ. ಇಲ್ಲಿ ಹಾಕುವುದು ಲಾರೆಲ್. ನಡುವೆ ಒಂದೇ ನರ, ಪಕ್ಕಕ್ಕೆ ಸಣ್ಣ ಕವಲುಗಳು, ವಾಸನೆಯೇ ಬೇರೆ. ಅಂಗಡಿಯಲ್ಲಿ ಎರಡನ್ನೂ ಬೇ ಲೀಫ್ ಅಂತಲೇ ಮಾರುತ್ತಾರೆ, ಪ್ಯಾಕೆಟ್ ಎತ್ತಿ ನರ ನೋಡಿ. ಲಾರೆಲ್ ಸಿಗದಿದ್ದರೆ ಎಲೆಯೇ ಇಲ್ಲದೆ ಮಾಡಿ, ಏನೂ ಆಗುವುದಿಲ್ಲ. ಪಲಾವ್ ಎಲೆ ಹಾಕಿದರೆ ಮಾತ್ರ ಬಿರಿಯಾನಿ ವಾಸನೆ ಬಂದುಬಿಡುತ್ತದೆ.

ಈಗ ಅಳತೆ. ಚರ್ಮ ಸಮೇತ, ಮೂಳೆ ಸಮೇತ ಕಾಲು ಮತ್ತು ತೊಡೆ ಒಂದು ಕೆಜಿ. ಎದೆ ಭಾಗ ಬೇಡ, ಒಣಗಿ ನಾರು ನಾರಾಗುತ್ತದೆ. ಇಡೀ ಒಂದು ಗಡ್ಡೆ ಬೆಳ್ಳುಳ್ಳಿ, ಸಣ್ಣ ಎಸಳಿನದಾದರೆ ಎರಡು ಗಡ್ಡೆ. ಒಂದು ಚಮಚ ಕಾಳುಮೆಣಸು, ಅರ್ಧ ಹಾಗೇ ಇಡಿ, ಅರ್ಧ ಜಜ್ಜಿ. ವಿನೆಗರ್ ಅರ್ಧ ಕಪ್, ಫಿಲಿಪಿನೋ ಸೋಯಾ ಕಾಲು ಕಪ್‌ಗಿಂತ ಸ್ವಲ್ಪ ಜಾಸ್ತಿ, ನೀರು ಒಂದು ಕಪ್, ಲಾರೆಲ್ ಮೂರು ಎಲೆ. ಉಪ್ಪಿನ ಡಬ್ಬ ಕೊನೆಯವರೆಗೂ ಮುಟ್ಟಬೇಡಿ.

ಸೋಯಾ, ಜಜ್ಜಿದ ಬೆಳ್ಳುಳ್ಳಿ, ಮೆಣಸು ಹಾಕಿ ಕೋಳಿಯನ್ನು ಅರ್ಧ ಗಂಟೆ ನೆನೆಸಿಡಿ. ಆಮೇಲೆ ತುಂಡುಗಳನ್ನು ಸೋಸಿ ತೆಗೆದು, ಅಗಲವಾದ ಪಾತ್ರೆಯಲ್ಲಿ ಒಂದೆರಡು ಚಮಚ ಎಣ್ಣೆ ಕಾಯಿಸಿ, ಚರ್ಮದ ಕಡೆ ಕೆಳಗೆ ಬರುವ ಹಾಗೆ ಜೋಡಿಸಿ. ಚರ್ಮ ಕೆಂಪಗಾಗಿ ತಾನಾಗಿ ತಳ ಬಿಡುವ ತನಕ ಕೆದಕಬೇಡಿ. ತಿರುಗಿಸಿ, ನೆನೆಸಿದ ನೀರು, ಬೆಳ್ಳುಳ್ಳಿ, ಎಲೆ, ಒಂದು ಕಪ್ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಈಗ ಮುಚ್ಚಳ ತೆಗೆದು ವಿನೆಗರ್ ಸುರಿಯಿರಿ. ಇಲ್ಲಿಂದ ಮುಂದೆ ಮುಚ್ಚಳ ಹಾಕಬಾರದು. ಅದು ಚೆನ್ನಾಗಿ ಕುದಿ ಬರುವ ತನಕ ಸೌಟನ್ನೂ ಹಾಕಬೇಡಿ ಅನ್ನುವುದು ಇಲ್ಲಿನ ಪ್ರತಿ ಅಜ್ಜಿಯ ಕಟ್ಟುನಿಟ್ಟು. ಕಲಕಿದರೆ ವಿನೆಗರ್ ಹಸಿಯಾಗಿ ಉಳಿಯುತ್ತದೆ ಅನ್ನುತ್ತಾರೆ. ಮತ್ತೆ ಹದಿನೈದು ಇಪ್ಪತ್ತು ನಿಮಿಷ ತೆರೆದೇ ಕುದಿಯಲಿ. ಮಾಂಸ ಮೂಳೆಯಿಂದ ಸ್ವಲ್ಪ ಬಿಡಿಸಿಕೊಂಡರೆ ತುಂಡುಗಳನ್ನು ಹೊರಗೆ ತೆಗೆದಿಟ್ಟು, ರಸವನ್ನು ಬತ್ತಿಸಿ. ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡು, ಸೌಟಿನ ಹಿಂಬದಿಗೆ ರಸ ತೆಳ್ಳಗೆ ಅಂಟಿಕೊಂಡರೆ ಆಯಿತು. ಕೋಳಿಯನ್ನು ವಾಪಸ್ ಹಾಕಿ ಒಂದು ಸುತ್ತು ಹೊರಳಿಸಿ.

ಯಜಮಾನರ ಹುಳಿ ವಿಷಯ: ಬತ್ತಿಸಿದ ಮೇಲೆ ರುಚಿ ನೋಡಿ, ಆಗಲೂ ಚುರುಕು ಅನಿಸಿದರೆ ಒಂದು ಚಮಚ ಸಕ್ಕರೆ. ವಿನೆಗರ್ ಕಡಿಮೆ ಮಾಡಲು ಹೋಗಬೇಡಿ.

ಮಿಕ್ಸಿ ಮಹಾರಾಯ

ಗುರುವೇ, ಈರುಳ್ಳಿ ಇಲ್ಲ, ಟೊಮೇಟೊ ಇಲ್ಲ, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಇಲ್ಲ, ಖಾರದ ಪುಡಿಯಂತೂ ಇಲ್ಲವೇ ಇಲ್ಲ. ಇದು ಆಸ್ಪತ್ರೆ ಊಟ ಅಲ್ವಾ? ನಾನಾದರೆ ಎರಡು ಈರುಳ್ಳಿ ಬಾಡಿಸಿ, ಪೇಸ್ಟ್ ಹಾಕಿ, ಬ್ಯಾಡಗಿ ಪುಡಿ ಎರಡು ಚಮಚ, ಕೊನೆಗೆ ಗರಂ ಮಸಾಲೆ. ಕುಕ್ಕರ್‌ನಲ್ಲಿ ಮೂರು ಸೀಟಿ. ಇಪ್ಪತ್ತು ನಿಮಿಷದಲ್ಲಿ ಮುಗಿಯುವುದಕ್ಕೆ ಇಷ್ಟು ಪುರಾಣ ಯಾಕೆ.

ಲಗುನಾ ನಿವಾಸಿ

ಮಹಾರಾಯರೇ, ನೀವು ಹೇಳಿದ್ದು ಚೆನ್ನಾಗಿಯೇ ಇರುತ್ತದೆ, ನಾನೂ ಎರಡು ತುತ್ತು ಜಾಸ್ತಿ ಉಣ್ಣುತ್ತೇನೆ, ಆದರೆ ಅದಕ್ಕೆ ಕೋಳಿ ಸಾರು ಅನ್ನುವ ಹೆಸರು ಮೊದಲೇ ಇದೆ. ಈರುಳ್ಳಿ ಹಾಕುವ ಮನೆಗಳು ಇಲ್ಲೂ ಇವೆ, ಅದು ತಪ್ಪಲ್ಲ. ಟೊಮೇಟೊ ಬೇಡ, ಅದರ ಹುಳಿ ವಿನೆಗರ್ ಹುಳಿಯ ಮೇಲೆ ಹತ್ತಿ ಕೂರುತ್ತದೆ. ಪೇಸ್ಟ್ ಹಾಕಿದರೆ ರಸ ಕಲಕಿದ ಹಾಗಾಗುತ್ತದೆ, ಬತ್ತಿಸುವಾಗ ತಳವೂ ಹಿಡಿಯುತ್ತದೆ. ಬೆಳ್ಳುಳ್ಳಿ ಚಾಕುವಿನ ಅಗಲದಿಂದ ಒಂದೇಟು ಹೊಡೆದು ಹಾಗೇ ಹಾಕಿದರೆ ಸಾಕು, ಕೊನೆಗೆ ಬೆಣ್ಣೆಯಾಗಿ ಕರಗಿರುತ್ತದೆ, ಅನ್ನದ ಜೊತೆ ಅದನ್ನೇ ಹುಡುಕಿ ಹುಡುಕಿ ತಿನ್ನುತ್ತಾರೆ.

ಖಾರ ಬೇಕಂದರೆ ಸೂಜಿಮೆಣಸು ಎರಡು ಮೂರು ಇಡಿಯಾಗಿ ಹಾಕಿ. ಇಲ್ಲಿ ಸಿಲಿಂಗ್ ಲಬುಯೋ ಅನ್ನುವ ಸಣ್ಣ ಮೆಣಸಿನಕಾಯಿ ಅದೇ ಕೆಲಸ ಮಾಡುತ್ತದೆ.

ಕುಕ್ಕರ್ ಬಗ್ಗೆ: ಗಟ್ಟಿ ಮಾಂಸಕ್ಕೆ ಇಲ್ಲಿನವರೂ ಕುಕ್ಕರ್ ಇಡುತ್ತಾರೆ. ಆದರೆ ಫಾರಂ ಕೋಳಿ ಮೂರು ಸೀಟಿಗೆ ಚಿಂದಿ. ಮುಚ್ಚಿದ ಪಾತ್ರೆಯಲ್ಲಿ ವಿನೆಗರ್ ಘಾಟು ಹೊರಗೆ ಹೋಗುವುದಿಲ್ಲ, ರಸವೂ ಬತ್ತುವುದಿಲ್ಲ. ಆಮೇಲೆ ಹೇಗೂ ತೆರೆದು ಅರ್ಧ ಗಂಟೆ ಕುದಿಸಬೇಕು. ಉಳಿತಾಯ ಏನು ಬಂತು?

ಲಿಲ್ಲಿ ಬಾಯಿ, ಮಂಗಳೂರು

ವಿನೆಗರ್ ಮಾತು ಬಂದಿದ್ದಕ್ಕೆ ನಾನೂ ಬಾಯಿ ಹಾಕುತ್ತೇನೆ. ನಮ್ಮ ಕ್ರಿಶ್ಚಿಯನ್ ಮನೆಗಳಲ್ಲಿ ಇಂದಾದ್, ಸೊರ್ಪೊತೆಲ್ ಅನ್ನುವ ಹಂದಿ ಮಾಂಸದ ಅಡುಗೆ ಮಾಡುವಾಗ ವಿನೆಗರ್ ಬೇಕೇ ಬೇಕು. ಗೋವಾದವರ ವಿಂದಾಲುವೂ ವೈನು ಬೆಳ್ಳುಳ್ಳಿಯಲ್ಲಿ ಮಾಂಸ ನೆನೆಸುವ ಪೋರ್ಚುಗೀಸರ ಪದ್ಧತಿಯಿಂದ ಬಂದದ್ದು. ಅತ್ತ ಸ್ಪೇನ್‌ನವರು ಫಿಲಿಪೀನ್ಸ್‌ನಲ್ಲಿ, ಇತ್ತ ಪೋರ್ಚುಗೀಸರು ನಮ್ಮಲ್ಲಿ. ಹಾಗಾಗಿ ನಾನು ಮೊದಲ ಸಲ ಅಡೋಬೋ ತಿಂದಾಗ ಹೊಸದು ಅನಿಸಲೇ ಇಲ್ಲ. ಮಸಾಲೆ ತೆಗೆದುಬಿಟ್ಟ ಇಂದಾದ್ ಅನಿಸಿತು.

ಊರಲ್ಲಿ ಇರುವವರಿಗೆ ಒಂದು ಮಾತು. ಅಂಗಡಿಯಲ್ಲಿ ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗುವ ಬಿಳಿ ವಿನೆಗರ್ ತಗೊಂಡು ಲೇಬಲ್ ಓದಿ. ಸಿಂಥೆಟಿಕ್, ಅಸೆಟಿಕ್ ಆಸಿಡ್‌ನಿಂದ ತಯಾರಿಸಿದ್ದು ಅಂತ ಬರೆದಿದ್ದರೆ ಅದು ಗೋಬಿ ಮಂಚೂರಿಗೆ ಸಾಕು, ಇದಕ್ಕೆ ಬೇಡ. ಅದರಲ್ಲಿ ಬರೀ ಚುಚ್ಚುವ ಹುಳಿ, ಹಿಂದೆ ಏನೂ ಇಲ್ಲ. ಗೋವಾದ ತೆಂಗಿನ ಕಳ್ಳಿನ ವಿನೆಗರ್ ಮಂಗಳೂರಿನ ಕೆಲವು ಅಂಗಡಿಗಳಲ್ಲಿ ಸಿಗುತ್ತದೆ, ಆನ್‌ಲೈನ್‌ನಲ್ಲೂ ಇದೆ. ಸ್ವಲ್ಪ ಮಬ್ಬಾಗಿರುತ್ತದೆ, ತಳದಲ್ಲಿ ಗಸಿ ಇರುತ್ತದೆ, ಮೂಗಿಗೆ ಹಿಡಿದರೆ ಕಳ್ಳಿನ ನೆನಪು ಬರುತ್ತದೆ. ಅದರಲ್ಲಿ ಮಾಡಿದ ಅಡೋಬೋ ಬಹಳ ಮೆತ್ತಗೆ ಬರುತ್ತದೆ. ಫಿಲಿಪೀನ್ಸ್‌ನಲ್ಲೂ ತೆಂಗಿನ ಕಳ್ಳಿನ ವಿನೆಗರ್ ಇದೆ ಅಂತ ಕೇಳಿದ್ದೇನೆ, ಅಲ್ಲಿರುವವರು ಹೇಳಬೇಕು.

ಮತ್ತೆ ಪಾತ್ರೆ. ಅಲ್ಯುಮಿನಿಯಂ ಬೇಡ, ಕಬ್ಬಿಣದ ಬಾಣಲೆಯೂ ಬೇಡ. ವಿನೆಗರ್ ಎರಡನ್ನೂ ತಿನ್ನುತ್ತದೆ, ಸಾರಿಗೆ ಲೋಹದ ರುಚಿ ಬರುತ್ತದೆ. ಸ್ಟೀಲ್ ಅಥವಾ ಮಣ್ಣಿನ ಬಿಸ್ಲೆ.

ಲಗುನಾ ನಿವಾಸಿ

ಬಾಯಿ, ಇದೆ, ಖಂಡಿತ ಇದೆ. ತೆಂಗಿನ ಕಳ್ಳಿನದ್ದಕ್ಕೆ ಸುಕಾಂಗ್ ತುಬಾ ಅನ್ನುತ್ತಾರೆ, ವಿಸಾಯಾಸ್ ದ್ವೀಪಗಳು, ಮಿಂದನಾವೊ ಕಡೆ ಜಾಸ್ತಿ. ಉತ್ತರದ ಇಲೋಕೋಸ್‌ನಲ್ಲಿ ಕಬ್ಬಿನ ಹಾಲಿನದು, ಸುಕಾಂಗ್ ಇಲೋಕೋ, ಕಂದು ಬಣ್ಣ, ಒಂಚೂರು ಸಿಹಿ. ಬುಲಕಾನ್ ಪ್ರಾಂತ್ಯದ ಪವೊಂಬೊಂಗ್‌ನಲ್ಲಿ ನಿಪಾ ಅನ್ನುವ ಹಿನ್ನೀರಿನ ತಾಳೆಯ ಜಾತಿಯ ಗಿಡದಿಂದ ತೆಗೆಯುತ್ತಾರೆ. ಬೇರೆ ಬೇರೆ ಊರಿನ ಅಡೋಬೋ ಬೇರೆ ಬೇರೆ ರುಚಿ ಬರುವುದಕ್ಕೆ ಅರ್ಧ ಕಾರಣ ಇದೇ. ಮಣ್ಣಿನ ಪಾತ್ರೆಯೂ ಇಲ್ಲಿ ಹಳೆಯದು, ಪಲಾಯೋಕ್ ಅಂತ. ಈಗ ಅದನ್ನು ಮನೆಗಿಂತ ಹೋಟೆಲಿನ ಮೇಜಿನ ಮೇಲೆಯೇ ಜಾಸ್ತಿ ನೋಡುತ್ತೇನೆ.

ಕೆಮಿಸ್ಟ್ರಿ ಮೇಷ್ಟ್ರು

ಕಲಕಬಾರದು ಅನ್ನುವ ಮಾತಿನ ಬಗ್ಗೆ ನನ್ನದೊಂದು ತಕರಾರು. ವಿನೆಗರ್ ಅಂದರೆ ಶೇಕಡಾ 4ರಿಂದ 5ರಷ್ಟು ಅಸೆಟಿಕ್ ಆಮ್ಲ, ಉಳಿದದ್ದು ಬಹುಪಾಲು ನೀರು. ಶುದ್ಧ ಅಸೆಟಿಕ್ ಆಮ್ಲ ಕುದಿಯುವುದು 118 ಡಿಗ್ರಿಗೆ, ನೀರಿಗಿಂತ ಮೇಲೆ. ಅಂದರೆ ಕುದಿಸಿದ ತಕ್ಷಣ ಹುಳಿ ಹಾರಿಹೋಗುತ್ತದೆ ಅನ್ನುವುದು ಸುಳ್ಳು. ಆವಿಯ ಜೊತೆ ಸ್ವಲ್ಪ ಸ್ವಲ್ಪವೇ ಹೋಗುತ್ತದೆ. ಅದಕ್ಕೇ ಮುಚ್ಚಳ ತೆಗೆದಿರಬೇಕು, ಅಗಲ ಪಾತ್ರೆ ಇರಬೇಕು, ಸಮಯ ಕೊಡಬೇಕು. ಸೌಟು ಆಡಿಸಿದರೆ ಆವಿ ನಿಲ್ಲುವುದಿಲ್ಲವಲ್ಲ. ಅಜ್ಜಿಯರ ಮಾತನ್ನು ನಾನು ಹೀಗೆ ಅರ್ಥ ಮಾಡಿಕೊಳ್ಳುತ್ತೇನೆ: ಕಲಕಬೇಡ ಅಂದರೆ ಸುಮ್ನೆ ಇರು, ಕುದಿಯಲು ಬಿಡು, ಪದೇ ಪದೇ ಉರಿ ಇಳಿಸಿ ತಣ್ಣಗೆ ಮಾಡಬೇಡ.

ಕೊನೆಗೆ ಹುಳಿ ಹಿತ ಅನಿಸುವುದು ಆಮ್ಲ ಹೋಗಿದ್ದಕ್ಕಿಂತ ಬೇರೆಯವು ಸೇರಿದ್ದರಿಂದ. ಚರ್ಮದ ಕೊಬ್ಬು ಕರಗುತ್ತದೆ, ಮೂಳೆ ಸಂದಿನಿಂದ ಜೆಲಟಿನ್ ಬಿಡುತ್ತದೆ, ಉಪ್ಪು ಗಟ್ಟಿಯಾಗುತ್ತದೆ. ಇವೆಲ್ಲ ಸೇರಿ ಹುಳಿಯ ಚೂಪು ಮೊಂಡಾಗುತ್ತದೆ. ಚರ್ಮ ಸುಲಿದ, ಮೂಳೆ ಇಲ್ಲದ ಎದೆ ತುಂಡಿನಲ್ಲಿ ಮಾಡಿದವರಿಗೆ ಬರೀ ಹುಳಿ ನೀರು ಸಿಗುವುದು ಇದಕ್ಕೇ.

ಇನ್ನೊಂದು, ಸೋಯಾ ಇಲ್ಲದ ಬಿಳಿ ಅಡೋಬೋ ಮಾಡುವವರು ಹೆದರಬೇಡಿ: ಬೆಳ್ಳುಳ್ಳಿ ಆಮ್ಲದಲ್ಲಿ ಕೆಲವೊಮ್ಮೆ ನೀಲಿ ಹಸಿರು ಬಣ್ಣಕ್ಕೆ ತಿರುಗುತ್ತದೆ. ಬೆಳ್ಳುಳ್ಳಿಯೊಳಗಿನ ಗಂಧಕದ ಅಂಶಗಳ ಆಟ ಅದು. ಕೆಟ್ಟಿಲ್ಲ, ತಿನ್ನಬಹುದು.

ಲಗುನಾ ನಿವಾಸಿ

ಮೇಷ್ಟ್ರೇ, ನೀವು ಹೇಳುವುದು ಸರಿ ಇರಬಹುದು, ಆದರೆ ಈ ಮಾತನ್ನು ಇಲ್ಲಿನ ಲೋಲಾ, ಅಂದರೆ ಅಜ್ಜಿ, ಒಬ್ಬರ ಎದುರು ಹೇಳಿ ಬನ್ನಿ ನೋಡೋಣ. ಅಜ್ಜಿಯರು ಸೌಟನ್ನೇ ಕಿತ್ತುಕೊಳ್ಳುತ್ತಾರೆ.

ದಾವಾವೊ ಡಾಕ್ಟರ್ ಮರಿ

ನಾನು ಫಿಲಿಪೀನ್ಸ್‌ನ ದಾವಾವೊದಲ್ಲಿ ಎಂಬಿಬಿಎಸ್‌ಗೆ ಸಮನಾದ ಕೋರ್ಸ್ ಓದುತ್ತಿದ್ದೇನೆ. ಇಲ್ಲಿ ಭಾರತದ ಹುಡುಗರು ತುಂಬಾ ಜನ, ನಮ್ಮ ಫ್ಲೋರಲ್ಲೇ ಕಲಬುರಗಿಯವರು, ದಾವಣಗೆರೆಯವರು ಇದ್ದಾರೆ. ಇಂಡಿಯನ್ ಮೆಸ್ ಇದೆ, ಆದರೆ ದಿನಾ ಅದೇ ದಾಲ್ ತಿಂದು ಸಾಕಾದಾಗ ಕಾರಿಂದೆರಿಯಾಗೆ ಹೋಗುತ್ತೇವೆ. ಸಣ್ಣ ಖಾನಾವಳಿ. ಗಾಜಿನ ಹಿಂದೆ ಪಾತ್ರೆಗಳು ಸಾಲಾಗಿ ಇರುತ್ತವೆ, ಬೆರಳು ತೋರಿಸಿದರೆ ಬಟ್ಟಲಿಗೆ ಹಾಕಿ ಕೊಡುತ್ತಾರೆ, ಜೊತೆಗೆ ಒಂದು ಕಪ್ ಅನ್ನ ಬೋರಲು ಹಾಕುತ್ತಾರೆ. ಬೀಫ್, ಹಂದಿ ತಿನ್ನದವರು ಮೊದಲೇ ಕೇಳಿಕೊಳ್ಳಿ, ಕೋಳಿ ಮತ್ತು ಹಂದಿ ಎರಡೂ ಸೇರಿಸಿ ಒಂದೇ ಪಾತ್ರೆಯಲ್ಲಿ ಅಡೋಬೋ ಮಾಡುವುದು ಇಲ್ಲಿ ಮಾಮೂಲಿ. ಕಪ್ಪು ರಸದೊಳಗೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಮಾನೋಕ್ ಅಂದರೆ ಕೋಳಿ, ಬಾಬೋಯ್ ಅಂದರೆ ಹಂದಿ. ಇವೆರಡು ಪದ ಗೊತ್ತಿದ್ದರೆ ಬದುಕಿಕೊಳ್ಳಬಹುದು.

ರೂಮಲ್ಲಿ ಗ್ಯಾಸ್ ಇಲ್ಲ, ರೈಸ್ ಕುಕ್ಕರ್ ಒಂದೇ. ಅದರಲ್ಲೇ ಮಾಡುತ್ತೇವೆ. ಎಲ್ಲವನ್ನೂ ಒಟ್ಟಿಗೆ ಹಾಕುವುದು, ಕುಕ್ ಬಟನ್ ಒತ್ತುವುದು, ಕುದಿ ಬಂದ ಮೇಲೆ ಮುಚ್ಚಳ ತೆಗೆದುಬಿಡುವುದು. ನೀರು ಅರ್ಧ ಕಪ್ ಸಾಕು. ರಸ ಬತ್ತಿ ಬಟನ್ ತಾನೇ ಮೇಲೆ ಎದ್ದರೆ ಅಡೋಬೋ ರೆಡಿ. ಹುರಿದ ಚರ್ಮದ ರುಚಿ ಬರುವುದಿಲ್ಲ, ನಿಜ. ಆದರೆ ಮೂರೂ ಮಹಡಿಗೆ ವಾಸನೆ ಹೋಗುತ್ತದೆ, ಪ್ಲೇಟ್ ಹಿಡಿದುಕೊಂಡು ಬರುವವರನ್ನು ತಡೆಯುವುದೇ ಕಷ್ಟ. ಕೆಲವರು ಸಕ್ಕರೆ ಬದಲು ಸ್ಪ್ರೈಟ್ ಸುರಿಯುತ್ತಾರೆ, ಅದೂ ನಡೆಯುತ್ತದೆ.

ಮಿಕ್ಸಿ ಮಹಾರಾಯ

ಸ್ಪ್ರೈಟ್ ಹಾಕಿದರೆ ನಡೆಯುತ್ತದೆ, ನನ್ನ ಗರಂ ಮಸಾಲೆ ಹಾಕಿದರೆ ನಡೆಯಲ್ಲ. ಇದ್ಯಾವ ನ್ಯಾಯ ಸ್ವಾಮಿ.

ನಾಟಿಕೋಳಿ ಗೌಡ

ನಮ್ಮ ಮಂಡ್ಯ ಕಡೆ ಕೋಳಿ ಅಂಗಡಿಯಲ್ಲಿ ಕೇಳುವ ಮೊದಲೇ ಚರ್ಮ ಸುಲಿದು ಎಸೆದಿರುತ್ತಾರೆ. ಬೇಕು ಅಂತ ಮೊದಲೇ ಹೇಳಿ, ಸುಟ್ಟು ಅರಿಶಿನ ಹಚ್ಚಿಸಿಕೊಂಡು ಬರಬೇಕು. ನನ್ನ ಪ್ರಶ್ನೆ ಇಷ್ಟೇ: ನಾಟಿ ಕೋಳಿಯಲ್ಲಿ ಈ ಅಡೋಬೋ ಮಾಡಬಹುದಾ? ಬೇಯಲು ಒಂದೂವರೆ ಗಂಟೆ ಬೇಕು, ಅಷ್ಟು ಹೊತ್ತು ವಿನೆಗರ್‌ನಲ್ಲಿ ಕುದಿಸಿದರೆ ಏನಾಗುತ್ತದೆ? ಮತ್ತೆ ಇದನ್ನು ಮುದ್ದೆ ಜೊತೆ ನೆಂಚಿಕೊಳ್ಳಬಹುದಾ ಅಂತ ಮನೆಯವರು ಕೇಳುತ್ತಿದ್ದಾರೆ, ನಗಬೇಡಿ.

ಲಗುನಾ ನಿವಾಸಿ

ಗೌಡರೇ, ಮಾಡಬಹುದು ಅಲ್ಲ, ಮಾಡಲೇಬೇಕು. ಇಲ್ಲಿ ಹಳ್ಳಿಗಳಲ್ಲಿ ನೇಟಿವ್ ಕೋಳಿಗೆ ಫಾರಂ ಕೋಳಿಗಿಂತ ಬೆಲೆ, ಮರ್ಯಾದೆ ಎರಡೂ ಜಾಸ್ತಿ. ಅರಿಶಿನ ಹಚ್ಚಿಸಿಕೊಂಡು ಬಂದರೂ ತೊಂದರೆ ಇಲ್ಲ. ನಮ್ಮ ಪಕ್ಕದ ಬತಾಂಗಾಸ್ ಪ್ರಾಂತ್ಯದಲ್ಲಿ ಸೋಯಾ ಬಿಟ್ಟು ಅರಿಶಿನವನ್ನೇ ಹಾಕುವ ಹಳದಿ ಅಡೋಬೋ ಇದೆ. ನಿಮಗೆ ಅದೇ ಹೇಳಿ ಮಾಡಿಸಿದ್ದು. ಹಸಿ ಅರಿಶಿನ ಒಂದು ಬೆರಳುದ್ದ ಜಜ್ಜಿ ಹಾಕಿ, ಸೋಯಾ ಬದಲು ಕಲ್ಲುಪ್ಪು, ಉಳಿದದ್ದೆಲ್ಲ ಮೊದಲು ಹೇಳಿದ ಹಾಗೆ.

ಮೊದಲು ಉಪ್ಪು, ಬೆಳ್ಳುಳ್ಳಿ, ಮೆಣಸು, ನೀರಿನಲ್ಲಿ ಮುಕ್ಕಾಲು ಪಾಲು ಬೇಯಿಸಿಕೊಳ್ಳಿ, ಆಮೇಲೆ ವಿನೆಗರ್. ಮೊದಲಿನಿಂದಲೇ ಹಾಕಿದರೂ ಕೆಡುವುದಿಲ್ಲ, ಆದರೆ ನೀರು ಪದೇ ಪದೇ ಸೇರಿಸಬೇಕಾಗುತ್ತದೆ, ಎಷ್ಟು ಹುಳಿ ಉಳಿಯಿತು ಅನ್ನುವ ಲೆಕ್ಕ ತಪ್ಪುತ್ತದೆ. ಬೆಂದ ಮೇಲೆ ಹಳೆ ಪದ್ಧತಿ ಒಂದಿದೆ, ಅದನ್ನು ಮಾಡಿ ನೋಡಿ: ರಸವನ್ನು ಬಗ್ಗಿಸಿ ಬೇರೆ ಇಟ್ಟು, ತುಂಡುಗಳನ್ನು ಅದರದೇ ಜಿಡ್ಡಿನಲ್ಲಿ ಕೆಂಪಗೆ ಹುರಿದು, ಆಮೇಲೆ ರಸ ವಾಪಸ್ ಸುರಿದು ಬತ್ತಿಸುವುದು. ಮೊದಲು ಹುರಿದು ಬೇಯಿಸುವುದಕ್ಕಿಂತ ಇದರಲ್ಲಿ ಅಂಚು ಗರಿಗರಿ ಇರುತ್ತದೆ.

ಮುದ್ದೆಗೆ ಆಗುತ್ತದೆ, ಆದರೆ ರಸ ತೆಳ್ಳಗೆ ಉಳಿಸಿಕೊಳ್ಳಿ. ಇಲ್ಲಿ ಗೊಜ್ಜಿನಷ್ಟು ಗಟ್ಟಿ ಮಾಡುವುದು ಬಿಳಿ ಅನ್ನಕ್ಕೆ.

ಕುವೈತ್ ಕನ್ನಡತಿ

ಎಲ್ಲರಿಗೂ ಥ್ಯಾಂಕ್ಸ್. ದಾತು ಪುತಿ, ಲಾರೆಲ್ ಎರಡೂ ತಂದೆ, ಮಾಡಿದೆ. ವಿನೆಗರ್ ಸುರಿದಾಗ ಇಡೀ ಮನೆ ಘಮ್ ಅಂತ ಘಾಟು ಹೊಡೆದು ಯಜಮಾನರು ಕಿಟಕಿ ತೆಗೆದು ನಿಂತಿದ್ದರು. ಹದಿನೈದು ನಿಮಿಷ ಆದ ಮೇಲೆ ವಾಸನೆ ತಿರುಗಿತು ನೋಡಿ, ಬೆಳ್ಳುಳ್ಳಿ ಮುಂದೆ ಬಂತು, ಅವರೇ ಒಲೆ ಹತ್ತಿರ ಬಂದು ಇಣುಕಿದರು. ಸಕ್ಕರೆ ಅರ್ಧ ಚಮಚ ಹಾಕಿದೆ ಅಷ್ಟೇ. ತಟ್ಟೆ ಪಕ್ಕಕ್ಕೆ ಹೋಗಲಿಲ್ಲ.

ಇನ್ನು ತೆಂಗಿನ ಹಾಲಿನದು ಮಾಡಬೇಕು. ಅದಕ್ಕೆ ಹಾಲು ಒಡೆಯುವುದಿಲ್ಲವಾ, ವಿನೆಗರ್ ಇರುವಾಗ?

ಲಿಲ್ಲಿ ಬಾಯಿ, ಮಂಗಳೂರು

ಒಡೆಯದ ಹಾಗೆ ಮಾಡಬಹುದು. ವಿನೆಗರ್ ಪೂರ್ತಿ ಕುದಿದು ರಸ ಅರ್ಧ ಆದ ಮೇಲೆ ಉರಿ ಸಣ್ಣ ಮಾಡಿ, ದಪ್ಪ ಹಾಲು ಕೊನೆಗೆ ಹಾಕಿ, ಒಂದು ಗುಳ್ಳೆ ಬರುತ್ತಿದ್ದ ಹಾಗೆ ಇಳಿಸಿಬಿಡಿ. ಮುಚ್ಚಬೇಡಿ. ಎರಡನೇ ಹಾಲು ಇದ್ದರೆ ನೀರಿನ ಬದಲು ಮೊದಲೇ ಅದನ್ನು ಹಾಕಿ, ಅದು ಸ್ವಲ್ಪ ಒಡೆದರೂ ಗೊತ್ತಾಗುವುದಿಲ್ಲ.

ಲಗುನಾ ನಿವಾಸಿ

ಬಾಯಿ ಹೇಳಿದ್ದೇ ಸರಿ. ಬಿಕೋಲ್‌ನವರು ಕೆಲವೊಮ್ಮೆ ಬೇಕಂತಲೇ ಹಾಲು ಒಡೆದು ಎಣ್ಣೆ ಬಿಡುವ ತನಕ ಬತ್ತಿಸುತ್ತಾರೆ, ಆ ಗಸಿಗಸಿಯೇ ರುಚಿ. ಅವರದ್ದಕ್ಕೆ ಹಸಿಮೆಣಸಿನಕಾಯಿ ಧಾರಾಳ. ಮಹಾರಾಯರಿಗೆ ಅದು ಇಷ್ಟವಾಗಬಹುದು.

ತುಂಗಾ ತೀರದವ

ಸಸ್ಯಾಹಾರಿಗಳಿಗೆ ಈ ಥ್ರೆಡ್‌ನಲ್ಲಿ ಏನಾದರೂ ಇದೆಯಾ ಅಥವಾ ನಾವು ಸುಮ್ನೆ ವಾಸನೆ ನೋಡಿಕೊಂಡು ಹೋಗಬೇಕಾ?

ಲಗುನಾ ನಿವಾಸಿ

ಇದೆ ಸರ್. ಅಡೋಬೋ ಅನ್ನುವುದು ಕೋಳಿಗೆ ಕಟ್ಟುಬಿದ್ದಿಲ್ಲ, ಅದು ಬೇಯಿಸುವ ಒಂದು ರೀತಿ. ಇಲ್ಲಿ ಅಲಸಂದೆ ಕಾಯಿಯ ಅಡೋಬೋ ಮಾಮೂಲಿ, ಮೊಳದುದ್ದ ಕಾಯಿಯನ್ನು ಬೆರಳುದ್ದ ಮುರಿದು ಮಾಡುತ್ತಾರೆ. ಕಾಂಗ್‌ಕೋಂಗ್ ಅನ್ನುವ ನೀರಿನ ಸೊಪ್ಪಿನದು ಇನ್ನೂ ಜಾಸ್ತಿ. ಅಣಬೆ, ತೋಫು, ಬದನೆಕಾಯಿ ಎಲ್ಲ ನಡೆಯುತ್ತದೆ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು ಅರ್ಧ ತೆಗೆದಿಡಿ. ಉಳಿದದ್ದಕ್ಕೆ ಕಾಯಿ ಹಾಕಿ, ಸೋಯಾ ಎರಡು ಚಮಚ, ವಿನೆಗರ್ ಮೂರು ಚಮಚ, ನೀರು ಕಾಲು ಕಪ್. ತೆರೆದೇ ಬೇಯಿಸಿ. ತರಕಾರಿಯಲ್ಲಿ ಕೊಬ್ಬು ಇಲ್ಲ, ಆದ್ದರಿಂದ ಹುಳಿ ಬೇಗ ಮುಂದೆ ಬರುತ್ತದೆ, ಎಣ್ಣೆಗೆ ಜಿಪುಣತನ ಮಾಡಬೇಡಿ. ತೆಗೆದಿಟ್ಟ ಬೆಳ್ಳುಳ್ಳಿ ಮೇಲೆ ಉದುರಿಸಿ.

ಹೋಟೆಲಿನಲ್ಲಿ ತಿನ್ನುವಾಗ ಮಾತ್ರ ಜೋಪಾನ. ಸೊಪ್ಪಿನ ಅಡೋಬೋ ಅಂದುಕೊಂಡರೆ ಅದರಲ್ಲಿ ಚಿಪ್ಪುಮೀನಿನಿಂದ ಮಾಡುವ ಆಯ್ಸ್ಟರ್ ಸಾಸ್ ಇರುತ್ತದೆ, ಇಲ್ಲವೆ ಹಂದಿಯ ಚೂರು ಇರುತ್ತದೆ. ಹಾಕಿದವರಿಗೆ ಅದು ಮಾಂಸ ಅಂತ ಅನಿಸಿರುವುದೇ ಇಲ್ಲ.

ಹಳೆ ಪುಟಗಳು

ಯಾವುದು ಅಸಲಿ ಅನ್ನುವ ಪ್ರಶ್ನೆ ಮೇಲೆ ಬಂದಿತ್ತಲ್ಲ, ಅದಕ್ಕೆ ಯಾರೂ ಸರಿಯಾಗಿ ಉತ್ತರಿಸಲಿಲ್ಲ. ಸ್ಪೇನ್‌ನವರು ಬರುವ ಮೊದಲೇ ಅಲ್ಲಿನ ಜನ ಮಾಂಸವನ್ನು ವಿನೆಗರ್ ಉಪ್ಪಿನಲ್ಲಿ ಬೇಯಿಸಿ ಇಡುತ್ತಿದ್ದರು. ಸೆಕೆಯ ನಾಡು, ಕೆಡದ ಹಾಗೆ ಇಡಲು ಬೇರೆ ದಾರಿ ಏನಿತ್ತು? ಪೆದ್ರೊ ದೆ ಸಾನ್ ಬ್ವೆನವೆಂತುರಾ ಅನ್ನುವ ಪಾದ್ರಿ 1613ರಲ್ಲಿ ಅಲ್ಲಿನ ತಗಾಲೋಗ್ ಭಾಷೆಯ ನಿಘಂಟು ಅಚ್ಚು ಹಾಕಿಸಿದರು. ಅದರಲ್ಲಿ ಇದನ್ನು ಇಲ್ಲಿನ ಜನರ ಅಡೋಬೋ ಅಂತ ಬರೆದುಕೊಂಡಿದ್ದಾರೆ. ಅಡುಗೆ ಊರಿನದು, ಹೆಸರು ಮಾತ್ರ ಅವರದು. ಸೋಯಾ ಚೀನೀ ವ್ಯಾಪಾರಿಗಳ ಜೊತೆ ಬಂದದ್ದು. ಹಾಗಾಗಿ ಸೋಯಾ ಇಲ್ಲದ ಬಿಳಿ ಅಡೋಬೋನೇ ಹಳೆಯದು ಅಂತ ಬಹಳ ಜನ ಹೇಳುತ್ತಾರೆ. ಆ ಗೆಳತಿಯ ಅಜ್ಜಿ ಗೆದ್ದ ಹಾಗೆ.

ಲಗುನಾ ನಿವಾಸಿ

ಆ ನಿಘಂಟು ಅಚ್ಚಾಗಿದ್ದು ನಮ್ಮ ಲಗುನಾದ ಪಿಲಾ ಊರಿನಲ್ಲೇ, ಲೋಸ್ ಬಾನ್ಯೋಸ್‌ನಿಂದ ದೂರವಿಲ್ಲ. ಹಳೆಯದು ಯಾವುದು ಅನ್ನುವುದು ಗೊತ್ತಾದರೂ ಈಗ ಮನೆಮನೆಯ ಅಡೋಬೋ ಸೋಯಾದ್ದೇ, ಅದನ್ನು ನಕಲಿ ಅನ್ನಲು ನಾನು ಒಪ್ಪುವುದಿಲ್ಲ. ಅಕ್ಕನ ಆ ಇನ್ನೊಬ್ಬ ಗೆಳತಿಯೂ ಗೆದ್ದಳು.

ಅಸಲಿ ಯಾವುದು ಅಂತ ಸರ್ಕಾರವೇ ಕೈ ಹಾಕಿ ನೋಡಿತ್ತು. 2021ರ ಜುಲೈನಲ್ಲಿ ಇಲ್ಲಿನ ವ್ಯಾಪಾರ ಮತ್ತು ಕೈಗಾರಿಕೆ ಇಲಾಖೆ ಅಡೋಬೋಗೆ ರಾಷ್ಟ್ರೀಯ ಮಾನದಂಡ ಮಾಡುತ್ತೇವೆ ಅಂದಿತು. ಜನ ಉಗಿದು ಉಪ್ಪಿನಕಾಯಿ ಹಾಕಿದರು. ನಮ್ಮಮ್ಮನ ಅಡೋಬೋಗೆ ನಿಮ್ಮ ಮುದ್ರೆ ಯಾಕೆ ಅಂತ. ಆಮೇಲೆ ಇಲಾಖೆ, ಇದು ಮನೆಗಳಿಗೆ ಕಡ್ಡಾಯ ಅಲ್ಲ, ಹೊರದೇಶದಲ್ಲಿ ಪರಿಚಯಿಸುವುದಕ್ಕೆ ಮಾತ್ರ ಅಂತ ಸಮಜಾಯಿಷಿ ಕೊಟ್ಟಿತು. ಬಿಸಿಬೇಳೆಬಾತಿಗೆ ಹೀಗೆ ಯಾರಾದರೂ ಮಾಡಿದ್ದರೆ ನಾವೂ ಸುಮ್ಮನಿರುತ್ತಿರಲಿಲ್ಲ, ಅಲ್ವಾ.

ದಾವಾವೊ ಡಾಕ್ಟರ್ ಮರಿ

ಮರುದಿನದ ಅಡೋಬೋ ಬಗ್ಗೆ ಯಾರೂ ಬರೆದೇ ಇಲ್ಲ! ಅಸಲಿ ಮಜಾ ಅಲ್ಲೇ ಇರುವುದು. ಉಳಿದ ತುಂಡುಗಳನ್ನು ಕೈಯಲ್ಲಿ ಎಳೆ ಎಳೆಯಾಗಿ ಬಿಡಿಸಿ ಎಣ್ಣೆಯಲ್ಲಿ ಗರಿಗರಿ ಹುರಿಯುತ್ತಾರೆ, ಅಡೋಬೋ ಫ್ಲೇಕ್ಸ್ ಅಂತ. ರಾತ್ರಿಯ ಅನ್ನಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಹುರಿದರೆ ಸಿನಂಗಾಗ್. ಅನ್ನ, ಫ್ಲೇಕ್ಸ್, ಒಂದು ಮೊಟ್ಟೆ. ಇಲ್ಲಿನವರ ಬೆಳಗಿನ ತಿಂಡಿ. ಪಾತ್ರೆಯ ತಳದಲ್ಲಿ ಅಂಟಿದ ರಸಕ್ಕೇ ಅನ್ನ ಹಾಕಿ ಉಜ್ಜಿ ತಿನ್ನುವುದೂ ಇದೆ, ತೊಳೆಯುವ ಕೆಲಸವೂ ತಪ್ಪುತ್ತದೆ.

ಕೆಮಿಸ್ಟ್ರಿ ಮೇಷ್ಟ್ರು

ಮರುದಿನ ರುಚಿ ಹೆಚ್ಚುತ್ತದೆ, ಒಪ್ಪುತ್ತೇನೆ. ಆದರೆ ವಿನೆಗರ್ ಇದೆ ಅಂತ ಒಲೆಯ ಮೇಲೆ ಎರಡು ದಿನ ಬಿಡಬೇಡಿ. ಹಳೆ ಕಾಲದಲ್ಲಿ ನೀರು ಪೂರ್ತಿ ಬತ್ತಿಸಿ ಕೊಬ್ಬಿನೊಳಗೆ ಮುಳುಗಿಸಿ ಇಡುತ್ತಿದ್ದರು, ಹುಳಿ ಉಪ್ಪು ಎರಡೂ ಜಾಸ್ತಿ. ನಾವು ಮಾಡುವುದರಲ್ಲಿ ನೀರು, ಸಕ್ಕರೆ ಇದೆ. ತಣ್ಣಗಾದ ಮೇಲೆ ಫ್ರಿಜ್‌ಗೆ ಹಾಕಿ, ಮೂರು ನಾಲ್ಕು ದಿನದೊಳಗೆ ಮುಗಿಸಿ.

ಕುವೈತ್ ಕನ್ನಡತಿ

ಕೊನೆಯ ಪ್ರಶ್ನೆ. ಮುಂದಿನ ವಾರ ವಾರ್ಡಿನಲ್ಲಿ ಎಲ್ಲರೂ ಒಂದೊಂದು ಅಡುಗೆ ತರುವುದು ಅಂತಿದೆ, ನಾನು ನಾಲ್ಕು ಕೆಜಿ ಮಾಡಬೇಕು. ಎಲ್ಲವನ್ನೂ ನಾಲ್ಕರಿಂದ ಗುಣಿಸಿದರೆ ಆಯಿತಾ? ತಿನ್ನುವವರು ಅವರೇ, ಹೆದರಿಕೆ ಆಗುತ್ತಿದೆ.

ಲಗುನಾ ನಿವಾಸಿ

ಬೆಳ್ಳುಳ್ಳಿ, ಮೆಣಸು, ವಿನೆಗರ್ ನಾಲ್ಕು ಪಟ್ಟು. ಸೋಯಾ ಮೂರು ಪಟ್ಟು ಹಾಕಿ, ಕೊನೆಗೆ ಬೇಕಿದ್ದರೆ ಸೇರಿಸಿ. ನೀರು ಎರಡು ಕಪ್ ಸಾಕು. ದೊಡ್ಡ ಪಾತ್ರೆಯಲ್ಲಿ ಕೋಳಿಯೇ ನೀರು ಬಿಡುತ್ತದೆ, ಆವಿ ಆಗುವುದು ನಿಧಾನ, ನಾಲ್ಕು ಕಪ್ ಹಾಕಿದರೆ ಬತ್ತಿಸುವಷ್ಟರಲ್ಲಿ ಮಾಂಸ ಕರಗಿಹೋಗಿರುತ್ತದೆ. ಆಳದ ಪಾತ್ರೆ ಒಂದರ ಬದಲು ಅಗಲದ್ದು ಎರಡು ಇಡಿ. ಚರ್ಮ ಹುರಿಯುವುದನ್ನು ನಾಲ್ಕು ಕಂತಿನಲ್ಲಿ ಮಾಡಿ, ಒಟ್ಟಿಗೆ ತುಂಬಿದರೆ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಹಿಂದಿನ ರಾತ್ರಿಯೇ ಮಾಡಿ ಫ್ರಿಜ್‌ನಲ್ಲಿಡಿ, ಬೆಳಿಗ್ಗೆ ಬಿಸಿ ಮಾಡಿ ತಗೊಂಡು ಹೋಗಿ. ಅನ್ನ ಜಾಸ್ತಿ ಮಾಡಿ. ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿ.

ಮಿಕ್ಸಿ ಮಹಾರಾಯ

ಒಂದು ಡಬ್ಬಿಯಲ್ಲಿ ಗರಂ ಮಸಾಲೆ ಬೇರೆ ಇಟ್ಟುಕೊಂಡು ಹೋಗಿ ಅಕ್ಕಾ, ಯಾರಾದರೂ ಕೇಳಬಹುದು.